ಪಂಪಿಲ್ಲದ ಚೀಲ

"ಇಲ್ಲಿ ಪಂಪು ಇರಬೇಕಿತ್ತು."

ಸತ್ತವನ ಅಕ್ಕ ಚೀಲದ ಎಡಪಕ್ಕದ ಉದ್ದ ಜೇಬಿಗೆ ಮೊಣಕೈವರೆಗೂ ಕೈ ಇಳಿಸಿ, ಬರಿಗೈಯನ್ನು ಹೊರಗೆ ತೆಗೆದು ಇನ್ಸ್‌ಪೆಕ್ಟರಿಗೆ ತೋರಿಸಿದಳು. ಹೊಲಿಗೆ ಅವಳ ಕಸುಬು. ಅರ್ಧ ಕತ್ತರಿಸಿದ ಕೋಟಿನ ತೋಳುಗಳನ್ನು ಅತ್ತ ಸರಿಸಿ, ಪೊಲೀಸರು ತಂದ ಚೀಲವನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅಡ್ಡ ಮಲಗಿಸಿಕೊಂಡಿದ್ದಳು.

"ಈ ಚೀಲ ನಾನೇ ಹೊಲಿದಿದ್ದು ಮೇಡಂ. ಈ ಜೇಬು ಪಂಪಿಗೆ ಅಂತಲೇ ಅಳತೆ ತಗೊಂಡು ಹಾಕಿದ್ದು. ಇದು ಟ್ಯೂಬಿಗೆ. ಇದು ಸ್ಪ್ಯಾನರ್‌ಗಳಿಗೆ. ನೋಡಿ, ಎಲ್ಲ ಖಾಲಿ."

"ಬಿದ್ದ ರಭಸಕ್ಕೆ ಎಲ್ಲಾದರೂ ಎಗರಿ ಹೋಗಿರಬಹುದಲ್ಲ?"

"ಜೇಬಿನ ಗುಂಡಿ ಹಾಕಿದ್ದು ಹಾಕಿದ ಹಾಗೇ ಇದೆ. ಗುಂಡಿ ಬಿಚ್ಚಿ, ಪಂಪು ಎಸೆದು, ಮತ್ತೆ ಗುಂಡಿ ಹಾಕ್ಕೊಂಡು ಆಮೇಲೆ ಬಿದ್ನಾ ನನ್ನ ತಮ್ಮ?"

ಇನ್ಸ್‌ಪೆಕ್ಟರ್ ಜೇಬಿನ ಗುಂಡಿಯನ್ನು ತಾನೇ ಎಳೆದು ನೋಡಿದಳು. ಇಪ್ಪತ್ತೆರಡು ವರ್ಷ ಪೊಲೀಸ್ ಕೆಲಸ ಮಾಡಿದವಳು ಮೂರು ಸಲ ಈ ಚೀಲ ತಡಕಿದ್ದಳು. ಇರುವ ವಸ್ತುಗಳನ್ನೆಲ್ಲ ಪಟ್ಟಿ ಮಾಡಿದ್ದಳೇ ಹೊರತು, ಇಲ್ಲದ್ದು ಏನು ಅಂತ ಒಂದು ಸಲವೂ ಕೇಳಿಕೊಂಡಿರಲಿಲ್ಲ.

ಭಾನುವಾರ ಬೆಳಗ್ಗೆ ಗುಡ್ಡದ ಮುಚ್ಚಿದ ಕಾಲುದಾರಿಯಲ್ಲಿ ಸೈಕಲ್ ಬಿಟ್ಟುಕೊಂಡು ಇಳಿಯುತ್ತಿದ್ದ ಈ ತಮ್ಮ, ಎರಡು ಮರಗಳ ನಡುವೆ ಬಿಗಿದಿದ್ದ ತಂತಿಗೆ ಸಿಕ್ಕಿ ಸತ್ತು ಇವತ್ತಿಗೆ ನಾಲ್ಕನೇ ದಿನ. ತಂತಿ ಕಾಡಿನ ಕಾವಲುಗಾರನ ಕೋಣೆಯದು. ಅಷ್ಟು ಸಾಕಾಗಿತ್ತು ಎಲ್ಲರಿಗೂ. ಕಾವಲುಗಾರ ಬೆಳಗಿನಿಂದ ಠಾಣೆಯ ಬೆಂಚಿನ ಮೇಲೆ ಕೂತಿದ್ದ. ಸಂಜೆ ಐದಕ್ಕೆ ವರದಿ ಸಾಹೇಬರ ಮೇಜಿಗೆ ಹೋಗಬೇಕು. ಹೋದರೆ ಅವನು ಬೆಂಚಿನಿಂದ ನೇರ ಜೈಲಿಗೆ. ಸತ್ತವನು ಒಂಟಿಯಾಗಿ ಹೋಗಿದ್ದ, ಗುಡ್ಡದ ಮೇಲೆ ಆ ಹೊತ್ತಿಗೆ ಇದ್ದ ಇನ್ನೊಬ್ಬ ಮನುಷ್ಯ ಅಂದರೆ ಕಾವಲುಗಾರ ಮಾತ್ರ. ಲೆಕ್ಕ ಸಲೀಸು. ಅಷ್ಟೊಂದು ಸಲೀಸಾಗಿದ್ದದ್ದೇ ಇನ್ಸ್‌ಪೆಕ್ಟರಿಗೆ ಹಿಡಿಸಿರಲಿಲ್ಲ.

"ನಾನು ಕಟ್ಟಿಲ್ಲ ತಾಯಿ" ಅಂದಿದ್ದ ಮುದುಕ, ಅಷ್ಟೇ. ಅಳಲಿಲ್ಲ, ಆಣೆ ಇಡಲಿಲ್ಲ, ಕಾಲಿಗೆ ಬೀಳಲಿಲ್ಲ. ಅವಳು ನಂಬಿದ್ದೂ ಅದಕ್ಕೇ.

"ಇದು ಯಾರದು?" ಅಕ್ಕ ಚೀಲದ ನಡುಭಾಗದಿಂದ ಕೆಂಪು ತಗಡಿನ ಪೆಟ್ಟಿಗೆಯೊಂದನ್ನು ಎತ್ತಿದಳು.

"ನಿಮ್ಮ ತಮ್ಮಂದಲ್ವಾ? ಗಾಯಕ್ಕೆ ಹಚ್ಚೋ ಔಷಧಿ, ಬ್ಯಾಂಡೇಜು..."

"ಅವನದು ಸೋಪಿನ ಡಬ್ಬಿ. ಅದರಲ್ಲಿ ನಾಲ್ಕು ಪಟ್ಟಿ, ಒಂದಿಷ್ಟು ಹತ್ತಿ. ಇದರಲ್ಲಿ ಇಡೀ ಮದುವೆ ದಿಬ್ಬಣಕ್ಕಾಗೋಷ್ಟು ಬ್ಯಾಂಡೇಜಿದೆ. ಬನ್ನಿ ಇಲ್ಲಿ."

ಅಂಗಡಿಯ ಹಿಂದೆಯೇ ಮನೆ. ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಗೆ ಸಾಲಾಗಿ ಮೊಳೆ ಹೊಡೆದಿತ್ತು. ಮೊದಲ ಮೊಳೆಯಲ್ಲಿ ಪಂಪು. ಎರಡನೆಯದರಲ್ಲಿ ಸುತ್ತಿಟ್ಟ ಎರಡು ಟ್ಯೂಬು. ಆಮೇಲೆ ಸ್ಪ್ಯಾನರ್‌ಗಳ ಗೊಂಚಲು, ಚೈನು ಬಿಚ್ಚುವ ಸಲಕರಣೆ, ಸೀಟಿ, ದಾರದಲ್ಲಿ ನೇತುಬಿಟ್ಟ ಸೋಪಿನ ಡಬ್ಬಿ. ಯಾವುದೂ ಮೊಳೆ ಬಿಟ್ಟು ಕದಲಿರಲಿಲ್ಲ.

ಇನ್ಸ್‌ಪೆಕ್ಟರ್ ಆ ಗೋಡೆಯ ಮುಂದೆ ಹಾಗೇ ನಿಂತಳು.

"ನಾಲ್ಕು ದಿನದಿಂದ ಇದು ಇಲ್ಲೇ ಇದೆ, ನೀವು ಒಂದು ಮಾತು ಹೇಳಲಿಲ್ಲವಲ್ಲ."

"ನೀವು ಕೇಳಿದ್ದು ಅವನಿಗೆ ಶತ್ರುಗಳಿದ್ದರಾ ಅಂತ. ಪಂಪು ಎಲ್ಲಿದೆ ಅಂತ ಕೇಳಿದ್ರಾ?"

ಅದೂ ನಿಜವೇ. ಮಾತಿನಲ್ಲಿ ಈ ಹೆಂಗಸನ್ನು ಗೆಲ್ಲುವುದು ಆಗದ ಕೆಲಸ.

"ಅವನು ಯಾವತ್ತಾದರೂ ಇದೆಲ್ಲ ಬಿಟ್ಟು ಹೋಗಿದ್ದುಂಟಾ?"

"ಏಳು ವರ್ಷದಲ್ಲಿ ಒಂದು ದಿನ ಇಲ್ಲ. ಒಂಟಿಯಾಗಿ ಹೋಗೋನಿಗೆ ಅವನೇ ಮೆಕ್ಯಾನಿಕ್ಕು, ಅವನೇ ಡಾಕ್ಟ್ರು ಅಂತಿದ್ದ. ಚೀಟಿ ಬರೆದಿಡೋನು ಬೇರೆ." ಅವಳು ಕಪಾಟಿನ ಬಾಗಿಲಿಗೆ ಅಂಟಿಸಿದ್ದ ಚೀಟಿಯೊಂದನ್ನು ಕಿತ್ತು ಕೊಟ್ಟಳು. ಅದು ಹಿಂದಿನ ವಾರದ್ದು. 'ಹಳೇ ಕಲ್ಲುಗಣಿ ದಾರಿ. ಹನ್ನೊಂದಕ್ಕೆ ವಾಪಸ್. ಹನ್ನೆರಡಾದರೂ ಬರದಿದ್ದರೆ ಕಾವಲುಗಾರನಿಗೆ ಫೋನ್ ಮಾಡು.' ಕೆಳಗೆ ಕಾವಲುಗಾರನ ನಂಬರು.

"ಈ ಭಾನುವಾರದ್ದು?"

"ಬರೆದಿಲ್ಲ." ಅಕ್ಕನ ದನಿ ಗಡುಸಾಯಿತು. "ಅದೇ ನನ್ನ ಹೊಟ್ಟೆ ಉರಿಸ್ತಿರೋದು. ಒಂದು ಚೀಟಿ ಇಟ್ಟಿದ್ರೆ ನಾನು ಹೊತ್ತಿಗೆ ಸರಿಯಾಗಿ ಫೋನ್ ಮಾಡ್ತಿದ್ದೆ. ಯಾರಾದ್ರೂ ಹೋಗಿ ಎತ್ಕೊಂಡು ಬರೋರು. ಅವತ್ತೇ ಮರೆತನಾ ಆ ಕತ್ತೆ?"

"ಜಗಳ ಏನಾದರೂ ಆಗಿತ್ತಾ?"

"ಪ್ರತಿ ಶನಿವಾರ ರಾತ್ರಿ ಆಗೋದೇ. ಯಾರ ಜೊತೆಗಾದ್ರೂ ಹೋಗೋ ಮಾರಾಯಾ, ನೀನು ವಾಪಸ್ ಬರೋವರೆಗೂ ನನ್ನ ಕೈ ಮಿಷಿನ್ ಮೇಲೆ ನಿಲ್ಲಲ್ಲ, ಹೊಲಿಗೆ ಎಲ್ಲ ಸೊಟ್ಟ ಹೋಗುತ್ತೆ ಅಂತ ನಾನು. ಜೊತೆಗೆ ಹೋದ್ರೆ ಬರೀ ಮುಂದಿನವನ ಬೆನ್ನು ನೋಡ್ಕೊಂಡು ಬರಬೇಕಕ್ಕಾ, ಗುಡ್ಡ ಎಲ್ಲಿ ಕಾಣುತ್ತೆ ಅಂತ ಅವನು. ಈ ಸಲ ಮಾತ್ರ ಏನೂ ಅನ್ನಲಿಲ್ಲ. ಆಯ್ತು ಬಿಡೇ, ನಿನ್ನ ಹೊಲಿಗೆ ಸೊಟ್ಟ ಹೋಗೋದು ಬೇಡ ಅಂದ, ಮಲಗಿದ."

ಇನ್ಸ್‌ಪೆಕ್ಟರ್ ಚೀಟಿ ಹಿಡಿದುಕೊಂಡೇ ಮತ್ತೆ ಗೋಡೆಯತ್ತ ತಿರುಗಿದಳು. ಮೊದಲು ಅರ್ಥವಾದದ್ದು ಅಕ್ಕನಿಗೆ.

"ಜೊತೆಗೆ ಹೋಗೋನಿಗೆ ಚೀಟಿ ಯಾಕೆ ಬೇಕು ಮೇಡಂ?" ಅಂದಳು. "ಅವನು ನನ್ನ ಮಾತು ಕೇಳಿದ್ನಾ?"

ಅಕ್ಕ ಅಡುಗೆಮನೆಯ ಹೊಸ್ತಿಲ ಮೇಲೆ ಕುಸಿದು ಕೂತು ಸೆರಗಿನಿಂದ ಬಾಯಿ ಒತ್ತಿ ಹಿಡಿದುಕೊಂಡಳು. ನಾಲ್ಕು ದಿನದಿಂದ ಕೋಪದಲ್ಲೇ ತಡೆದಿಟ್ಟಿದ್ದ ಅಳು ಈಗ ಬಂತು. ಇನ್ಸ್‌ಪೆಕ್ಟರ್ ಅವಳ ಬೆನ್ನು ಸವರುತ್ತ ಪಕ್ಕದಲ್ಲೇ ಕೂತಳು. ಮಂಡಿ ನೋವಿನವಳಿಗೆ ಹೊಸ್ತಿಲ ಮೇಲೆ ಕೂರುವುದು ಅಷ್ಟು ಸುಲಭವಲ್ಲ, ಆದರೂ ಕೂತಳು.

"ನಾಲ್ಕು ಗಂಟೆಗೆ ಠಾಣೆಗೆ ಬನ್ನಿ. ಈ ಗೋಡೆ ವಿಷಯ, ಚೀಟಿ ವಿಷಯ ಎಲ್ಲ ಬರೆದುಕೊಡಿ. ಐದರೊಳಗೆ ನನಗೆ ಬೇಕು."

"ಆ ಮುದುಕ ಅಲ್ಲೇ ಇರ್ತಾನಾ? ಅವನ ಮುಖ ನೋಡಲಾರೆ. ನಾಲ್ಕು ದಿನ ಅವನಿಗೆ ಹಿಡಿಶಾಪ ಹಾಕಿದೀನಿ."

"ನೋಡಬೇಕಾಗಬಹುದು" ಅಂದಳು ಇನ್ಸ್‌ಪೆಕ್ಟರ್, ಕೆಂಪು ಪೆಟ್ಟಿಗೆಯನ್ನು ತನ್ನ ಬಟ್ಟೆ ಚೀಲಕ್ಕೆ ಹಾಕಿಕೊಳ್ಳುತ್ತ.

* * *

ಊರಿನಲ್ಲಿ ಗುಡ್ಡಕ್ಕೆ ಗುಂಪು ಕಟ್ಟಿಕೊಂಡು ಸೈಕಲ್ ಹೊಡೆಯುವವರದು ಒಂದೇ ತಂಡ. ಅದರ ಮುಖಂಡನಿಗೆ ಎಲ್ಲರೂ ಕ್ಯಾಪ್ಟನ್ ಅನ್ನುತ್ತಾರೆ. ದೊಡ್ಡ ರಸ್ತೆಯಲ್ಲಿ ಅವನ ಸೈಕಲ್ ಅಂಗಡಿ. ಮೇಲೆ ಸೂರಿನಿಂದ ಟೈರುಗಳು ಇಳಿಬಿದ್ದಿದ್ದವು. ಒಳಗೆ ಕಾಲಿಟ್ಟರೆ ರಬ್ಬರಿನ ಘಾಟು.

ಕ್ಯಾಪ್ಟನ್ ಒಂದು ಚಕ್ರವನ್ನು ಕಬ್ಬಿಣದ ಕವಲಿಗೆ ಸಿಕ್ಕಿಸಿ, ಒಂದೊಂದೇ ಕಡ್ಡಿಯನ್ನು ಬೆರಳಿನಿಂದ ಮೀಟಿ, ಕಿವಿಗೊಟ್ಟು ಬಿಗಿ ನೋಡುತ್ತಿದ್ದ. ನಲವತ್ತು ದಾಟಿದವನು, ಗಟ್ಟಿ ಆಳು, ಮಾತಿನಲ್ಲಿ ಇನ್ನೂ ಗಟ್ಟಿ.

"ಮತ್ತೆ ಬಂದ್ರಾ ಮೇಡಂ? ಸೋಮವಾರವೇ ಎಲ್ಲ ಹೇಳಿದ್ನಲ್ಲ."

"ನನಗೆ ಮರೆವು ಜಾಸ್ತಿ. ಇನ್ನೊಂದ್ಸಲ ಹೇಳಿ."

"ಭಾನುವಾರ ನಾವು ಐದು ಜನ ಕೆರೆ ಸುತ್ತಿ ಬಂದ್ವಿ. ಗುಡ್ಡದ ಕಡೆ ತಲೆ ಕೂಡ ಹಾಕಿಲ್ಲ."

"ಸತ್ತವನು?"

"ಒಂಟಿಸಲಗನಾ?" ಕ್ಯಾಪ್ಟನ್ ಚಕ್ರ ನಿಲ್ಲಿಸಿದ. "ನಾವಿಟ್ಟ ಹೆಸರು ಅದು. ಏಳು ವರ್ಷ ಕರೆದೆ. ಜಪ್ಪಯ್ಯ ಅಂದ್ರೂ ಬರಲಿಲ್ಲ. ನಮ್ಮ ಜೊತೆ ಅವನು ಒಂದು ದಿನ ಪೆಡಲ್ ತುಳಿದಿಲ್ಲ. ಸತ್ತವನ ಬಗ್ಗೆ ಕೆಟ್ಟದು ಹೇಳಬಾರದು, ಆದರೂ ಹೇಳ್ತೀನಿ. ಒಂಟಿಯಾಗಿ ಗುಡ್ಡ ಇಳಿಯೋದು ಸೊಕ್ಕು. ಬಿದ್ರೆ ಎತ್ತೋಕೆ ನಾಲ್ಕು ಕೈ ಬೇಕಾಗುತ್ತೆ."

"ನನಗೆ ಸೈಕಲ್ಲೇ ಬರಲ್ಲ ನೋಡಿ." ಇನ್ಸ್‌ಪೆಕ್ಟರ್ ಗಿರಾಕಿಗಳ ಸ್ಟೂಲಿನ ಮೇಲೆ ಆರಾಮಾಗಿ ಕೂತಳು. "ಚಿಕ್ಕವಳಿದ್ದಾಗ ಅಣ್ಣ ಕಲಿಸೋಕೆ ಬಂದು, ಚರಂಡಿಗೆ ಬೀಳಿಸಿ, ಅಲ್ಲಿಗೆ ಕೈಬಿಟ್ಟ. ನೀವೆಲ್ಲ ಒಟ್ಟಿಗೆ ಹೇಗೆ ಹೋಗ್ತೀರಿ? ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯಲ್ವಾ?"

ಗೊತ್ತಿಲ್ಲದವರಿಗೆ ಹೇಳಿಕೊಡುವುದೆಂದರೆ ಕ್ಯಾಪ್ಟನ್‌ಗೆ ಎಲ್ಲಿಲ್ಲದ ಖುಷಿ. ಕೈ ಒರೆಸಿಕೊಂಡು ಮುಂದೆ ಬಂದ.

"ಅದಕ್ಕೇ ಶಿಸ್ತು ಅನ್ನೋದು. ಒಬ್ಬರ ಹಿಂದೆ ಒಬ್ಬರು, ಮೂರು ಮಾರು ಬಿಟ್ಟು. ಮುಂದಿನವನು ಕಲ್ಲು ಅಂತ ಕೂಗಿದ್ರೆ ಹಿಂದಿನವನು ಕೂಗ್ತಾನೆ, ಕೊನೆವರೆಗೂ ಹೋಗುತ್ತೆ. ಮುಂದಿನವನ ಗೆರೆ ಬಿಟ್ಟು ಯಾರೂ ಆಚೆ ಹೋಗಲ್ಲ. ಐದು ಜನ ಹೋಗಲಿ, ಹತ್ತು ಜನ ಹೋಗಲಿ, ನೆಲದ ಮೇಲೆ ಒಂದೇ ಗೆರೆ."

ಇನ್ಸ್‌ಪೆಕ್ಟರಿಗೆ ಯಾರೋ ಕಪಾಳಕ್ಕೆ ಬಿಟ್ಟಂತಾಯಿತು. ಭಾನುವಾರ ಮಧ್ಯಾಹ್ನ ಆ ದಾರಿಯಲ್ಲಿ ಕೂತು ಅಳತೆ ಹಿಡಿದವಳು ಅವಳೇ. 'ಒಂದೇ ಗೆರೆ, ಆದ್ದರಿಂದ ಒಂದೇ ಸೈಕಲ್' ಅಂತ ಬರೆದವಳೂ ಅವಳೇ. ಆ ಗೆರೆ ಹೆಣ ಬಿದ್ದಿದ್ದ ಜಾಗ ದಾಟಿ ಕೆಳಗಿನ ಹಳ್ಳದವರೆಗೂ ಹೋಗಿತ್ತು. ಅದು ಹಳೆಯದಿರಬೇಕು ಅಂದುಕೊಂಡು ಮುಂದೆ ಹೋಗಿದ್ದಳು. ಶನಿವಾರ ರಾತ್ರಿಯಿಡೀ ಮಳೆ ಹುಯ್ದಿತ್ತು, ಹಳೆಯದು ಎಲ್ಲಿಂದ ಉಳಿಯಬೇಕು? ಮುಖದ ಮೇಲೆ ಮಾತ್ರ ಏನೂ ತೋರಗೊಡಲಿಲ್ಲ.

"ಭಾರ ಹೊತ್ತು ಹತ್ತೋದು ಕಷ್ಟ ಅಲ್ವಾ? ಪಂಪು, ಟ್ಯೂಬು, ಅದು ಇದು..."

"ಎಲ್ಲರೂ ಎಲ್ಲವನ್ನೂ ಯಾಕೆ ಹೊರಬೇಕು? ಹಂಚ್ಕೋತೀವಿ. ಒಬ್ಬನಿಗೆ ಪಂಪು. ಒಬ್ಬನಿಗೆ ಟ್ಯೂಬು. ಸ್ಪ್ಯಾನರ್ ನನಗೆ. ಔಷಧಿ ಡಬ್ಬಿ ಹೊಸಬರು ಯಾರಿದ್ರೆ ಅವರಿಗೆ. ಅದು ಹಗುರ, ತಿಳಿವಳಿಕೆನೂ ಬೇಕಿಲ್ಲ. ಒಂಟಿಯಾಗಿ ಹೋಗೋನು ಅಂಗಡಿನೇ ಬೆನ್ನಿಗೆ ಕಟ್ಕೊಂಡು ಹೋಗಬೇಕು. ಜೊತೆ ಅಂದ್ರೆ ಇದೇ ಸುಖ."

"ಒಳ್ಳೇ ಪದ್ಧತಿ. ಎಲ್ಲ ಇಲ್ಲೇ ಇಟ್ಟಿರ್ತೀರಾ?"

ಕ್ಯಾಪ್ಟನ್ ಗಲ್ಲಾದ ಹಿಂದಿನ ಗೋಡೆಯತ್ತ ಹೆಮ್ಮೆಯಿಂದ ಕೈ ಮಾಡಿದ. ಅಲ್ಲೊಂದು ದೊಡ್ಡ ಹಲಗೆ. ಒಳ್ಳೆಯ ಮೆಕ್ಯಾನಿಕ್‌ಗಳೆಲ್ಲ ಮಾಡುವ ಹಾಗೆ, ಪ್ರತಿಯೊಂದು ವಸ್ತುವಿನ ಸುತ್ತಲೂ ಬಿಳಿ ಬಣ್ಣದಲ್ಲಿ ಅದರ ಆಕಾರ ಬರೆದಿದ್ದ. ಯಾವುದು ಜಾಗದಲ್ಲಿಲ್ಲ ಅಂತ ಒಂದೇ ನೋಟಕ್ಕೆ ತಿಳಿಯಬೇಕು, ಅದಕ್ಕೆ. ಪಂಪಿನ ಆಕಾರದೊಳಗೆ ಪಂಪಿತ್ತು. ಸ್ಪ್ಯಾನರುಗಳ ಆಕಾರದೊಳಗೆ ಸ್ಪ್ಯಾನರುಗಳು. ಹಲಗೆಯ ಕೆಳಮೂಲೆಯಲ್ಲಿ, ಮುಂದಕ್ಕೆ ಚಾಚಿದ ಸಣ್ಣ ಮರದ ಪಟ್ಟಿಯೊಂದರ ಮೇಲೆ, ಬಿಳಿ ಗೆರೆಯ ಚೌಕವೊಂದು ಖಾಲಿ ಇತ್ತು.

ಅದರ ಮೇಲೆ ಅವಳ ಕಣ್ಣು ಬಿದ್ದದ್ದು, ಅವಳ ಕಣ್ಣು ಅಲ್ಲಿ ಬಿದ್ದದ್ದನ್ನು ಅವನು ಕಂಡದ್ದು, ಎರಡೂ ಒಂದೇ ಗಳಿಗೆಯಲ್ಲಿ ಆಯಿತು.

ಇನ್ಸ್‌ಪೆಕ್ಟರ್ ಎದ್ದಳು. ಬಟ್ಟೆ ಚೀಲದಿಂದ ಕೆಂಪು ಪೆಟ್ಟಿಗೆ ತೆಗೆದಳು. ಗಲ್ಲಾ ದಾಟಿ ಹೋಗಿ ಆ ಚೌಕದೊಳಗೆ ಇಟ್ಟಳು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

ಕ್ಯಾಪ್ಟನ್ ಕಕ್ಕಾಬಿಕ್ಕಿಯಾಗಿ ನಿಂತ.

"ಹೊಸಬರು ಯಾರಿದ್ರೆ ಅವರಿಗೆ ಅಂದ್ರಲ್ಲ" ಅಂದಳು. "ಭಾನುವಾರ ಹೊಸಬ ಯಾರು?"

"ಮೇಡಂ, ಅದು... ಅಂಥ ಡಬ್ಬಿ ಬೇಕಾದಷ್ಟು ಸಿಗುತ್ತೆ ಮಾರ್ಕೆಟ್ಟಲ್ಲಿ."

"ಸಿಗುತ್ತೆ. ಹಾಗಾದ್ರೆ ನಿಮ್ಮದು ಎಲ್ಲಿದೆ? ತೋರಿಸಿ, ನಾನು ಈಗಲೇ ಎದ್ದು ಹೋಗ್ತೀನಿ."

ಅವನು ಹಲಗೆಯಿಂದ ಮುಖ ತಿರುಗಿಸಿದ.

"ನೋಡಿ ಕ್ಯಾಪ್ಟನ್ರೇ, ಗಂಟೆ ನಾಲ್ಕು ಕಾಲು. ಐದಕ್ಕೆ ಅರವತ್ತು ವರ್ಷದ ಮನುಷ್ಯನೊಬ್ಬನನ್ನು ಕೊಲೆಗಾರ ಅಂತ ಒಳಗೆ ಹಾಕ್ತಾರೆ. ಯಾಕೆ? ಸತ್ತವನು ಒಂಟಿಯಾಗಿದ್ದ ಅಂತ ನೀವು ಐದು ಜನ ಒಂದೇ ಬಾಯಲ್ಲಿ ಹೇಳಿದ್ದಕ್ಕೆ. ರಾತ್ರಿ ನಿದ್ದೆ ಬರುತ್ತಾ ನಿಮಗೆ?"

ಕ್ಯಾಪ್ಟನ್ ಸ್ಟೂಲಿನ ಮೇಲೆ ಕೂತ. ಚಕ್ರ ಇನ್ನೂ ಮೆಲ್ಲಗೆ ತಿರುಗುತ್ತಿತ್ತು, ಅದನ್ನು ಕೈಯಿಂದ ತಡೆದು ನಿಲ್ಲಿಸಿದ.

"ಬಂದಿದ್ದ" ಅಂದ. "ಶನಿವಾರ ಸಂಜೆ ತಾನಾಗೇ ಫೋನ್ ಮಾಡಿದ. ನಾಳೆ ನಾನೂ ಬರ್ಲಾ ಅಂದ. ನನಗೆ ನಂಬೋಕೇ ಆಗಲಿಲ್ಲ. ಅವನಿಗೆ ಗೌರವ ತೋರಿಸ್ಬೇಕು ಅಂತ ಆ ಮುಚ್ಚಿದ ದಾರಿನೇ ಆರಿಸಿದ್ವಿ. ಗುಡ್ಡದಲ್ಲಿ ಅದಕ್ಕಿಂತ ಚೆನ್ನಾಗಿರೋ ಇಳಿಜಾರಿಲ್ಲ."

"ಆಮೇಲೆ ಸುಳ್ಳು ಯಾಕೆ?"

"ಮುಂದಿನ ತಿಂಗಳು ನಮ್ಮ ಪಂದ್ಯ ಇದೆ. ಮುಚ್ಚಿದ ದಾರಿಗೆ ಕಾಲಿಟ್ವಿ ಅಂತ ಗೊತ್ತಾದ್ರೆ ಅನುಮತಿ ರದ್ದು. ಐದೂ ಜನ ಇಲ್ಲೇ ಕೂತು ಮಾತಾಡ್ಕೊಂಡ್ವಿ. ಅವನು ಹೇಗೂ ಯಾವಾಗಲೂ ಒಂಟಿ. ಒಂಟಿಯಾಗೇ ಹೋದ ಅಂದ್ರೆ ಯಾರೂ ಎರಡನೇ ಮಾತು ಕೇಳಲ್ಲ ಅಂತ..."

"ಕೇಳಲಿಲ್ಲ ನಾವು" ಅಂದಳು ಇನ್ಸ್‌ಪೆಕ್ಟರ್. ನಾಚಿಕೆಯಾಯಿತು ಅವಳಿಗೆ, ತನ್ನ ಮೇಲೂ ಇವರ ಮೇಲೂ.

ಅಷ್ಟು ಸಾಕಿತ್ತು. ಅವಳು ಅಂಗಡಿಯ ಮೆಟ್ಟಿಲಿಗೆ ಬಂದು ಠಾಣೆಗೆ ಫೋನ್ ಹಚ್ಚಿದಳು. ಹಿರಿಯ ಪೇದೆ ಎತ್ತಿದ.

"ವರದಿ ಹರಿದು ಹಾಕಿ. ಸತ್ತವನು ಒಂಟಿಯಾಗಿರಲಿಲ್ಲ. ಜೊತೆಗೆ ಐದು ಜನ ಇದ್ದರು, ಒಬ್ಬ ಒಪ್ಪಿಕೊಂಡಿದ್ದಾನೆ. ಕಾವಲುಗಾರನನ್ನು ಮನೆಗೆ ಕಳಿಸಿ."

"ಅಯ್ಯೋ, ಒಳ್ಳೇದಾಯ್ತು ಮೇಡಂ. ಬೆಳಗಿಂದ ಒಂದು ಲೋಟ ನೀರು ಬಿಟ್ಟು ಏನೂ ಮುಟ್ಟಿಲ್ಲ ಪಾಪ. ಆ ಹೊಲಿಗೆ ಅಕ್ಕನೂ ಇಲ್ಲೇ ಇದಾರೆ, ಬರ್ಕೊಡ್ತಿದಾರೆ."

"ಅವರಿಗೂ ಹೇಳಿ. ಮುದುಕನ ಮೇಲಿನ ಸಿಟ್ಟು ಬಿಡಲಿ."

ಫೋನ್ ಇಟ್ಟಾಗ ಅವಳ ಮನಸ್ಸು ನಾಲ್ಕು ದಿನಗಳಲ್ಲಿ ಮೊದಲ ಸಲ ಹಗುರವಾಗಿತ್ತು. ರಸ್ತೆಯಾಚೆಯ ಅಂಗಡಿಯಲ್ಲಿ ಒಂದು ಟೀ ಕುಡಿದು ಬಂದರೆ ಹೇಗೆ ಅಂತಲೂ ಅನ್ನಿಸಿತು. ಕುಡಿಯಲಿಲ್ಲ. ಒಳಗೆ ಬಂದು ಪುಸ್ತಕ ತೆರೆದಳು.

"ಈಗ ನಿಧಾನವಾಗಿ ಹೇಳಿ. ಮುಂದೆ ಯಾರು, ಹಿಂದೆ ಯಾರು, ತಂತಿ ಯಾರ ಕಣ್ಣಿಗೂ ಬೀಳಲಿಲ್ಲವಾ?"

"ತಂತಿ ಇರಲೇ ಇಲ್ಲ ಮೇಡಂ. ಇದ್ದಿದ್ರೆ ಮೊದಲು ಬೀಳ್ತಿದ್ದೋನು ನಾನು. ನಾನೇ ಮುಂದೆ. ನನ್ನ ಹಿಂದೆ ನಮ್ಮ ನಾಲ್ಕು ಜನ. ಅವರ ಹಿಂದೆ ಒಂಟಿಸಲಗ. ಕೆಳಗೆ ಹಳ್ಳದ ಹತ್ತಿರ ಎಲ್ಲರೂ ನಿಂತ್ವಿ. ಅವನೂ ಬಂದು ನಿಂತ."

ಇನ್ಸ್‌ಪೆಕ್ಟರಿನ ಪೆನ್ನು ನಿಂತಿತು.

"ಯಾರು ಬಂದು ನಿಂತದ್ದು?"

"ಅವನೇ. ಒಂಟಿಸಲಗ. ಮೈಯೆಲ್ಲ ಕೆಸರು, ಬಾಯಿ ತುಂಬ ನಗು. ಇಷ್ಟು ವರ್ಷ ಯಾಕೆ ಬರಲಿಲ್ಲವೋ ಗೊತ್ತಿಲ್ಲ ಕಣ್ರೋ ಅಂದ." ಕ್ಯಾಪ್ಟನ್ ಚಕ್ರದ ಕಡ್ಡಿಯೊಂದನ್ನು ಹಿಡಿದುಕೊಂಡ. "ದೇವರಾಣೆ ಮೇಡಂ, ಹಾಗೇ ಅಂದ."

"ಅಂದರೆ ಆ ತಂತಿ ಇದ್ದ ಜಾಗ ದಾಟಿ, ಜೀವಸಹಿತ ಕೆಳಗೆ ಬಂದಿದ್ದ."

"ಹೂಂ."

"ಮತ್ತೆ ಮೇಲೆ ಹೇಗೆ ಹೋದ?"

"ಕೊನೆಯವನು ಬರಲಿಲ್ಲ. ನಮ್ಮಲ್ಲಿ ಕೊನೆಗೆ ಬರೋನಿಗೆ ಬಾಲ ಅಂತೀವಿ. ಯಾರೂ ಹಿಂದೆ ಉಳಿಯದ ಹಾಗೆ ನೋಡ್ಕೊಳ್ಳೋದು ಬಾಲದ ಕೆಲಸ. ಬಾಲವೇ ಬರದಿದ್ರೆ, ಅವನಿಗಿಂತ ಒಂದು ಮುಂದೆ ಇದ್ದೋನು ವಾಪಸ್ ಹೋಗಿ ನೋಡಬೇಕು. ಅದು ಪದ್ಧತಿ. ಬೆಳಗ್ಗೆ ಹೊರಡುವಾಗ ನಾನೇ ಅವನಿಗೆ ಹೇಳಿಕೊಟ್ಟಿದ್ದೆ. ಹತ್ತು ನಿಮಿಷ ಕಾದ್ವಿ, ಕೂಗಿದ್ವಿ. ನೀವು ನಡೀರಿ, ನಾನು ನೋಡ್ಕೊಂಡು ಬರ್ತೀನಿ ಅಂತ ಸೈಕಲ್ ತಳ್ಕೊಂಡು ಮೇಲೆ ಹೋದ."

"ನೀವು?"

"ನಾವು... ಹೊರಟ್ವಿ."

"ಐದು ಜನ ಇದ್ರಲ್ರೀ. ಒಬ್ಬರಾದ್ರೂ ಅವನ ಜೊತೆ ಹೋಗಬಾರದಾಗಿತ್ತಾ?"

ಕ್ಯಾಪ್ಟನ್ ನೆಲ ನೋಡಿದ. "ಅವನಿಗೆ ಒಂಟಿಯಾಗಿ ಹೋಗಿ ಅಭ್ಯಾಸ ಅಲ್ವಾ ಅಂದ್ಕೊಂಡ್ವಿ."

ಹಾಗಾದರೆ ಅವನು ಮೇಲೆ ಹೋದ ಮೇಲೆ ಯಾರೋ ತಂತಿ ಬಿಗಿದಿದ್ದರು, ಮತ್ತೆ ಇಳಿಯುವಾಗ ಅವನು ಅದಕ್ಕೆ ಸಿಕ್ಕಿದ್ದ. ಏಳು ವರ್ಷ ಒಂಟಿಯಾಗಿ ಹೋಗಿ ಒಂದು ಗೀರೂ ಮಾಡಿಕೊಳ್ಳದೆ ಮನೆಗೆ ಬಂದವನು, ಜೊತೆಗೆ ಹೋದ ಮೊದಲನೇ ದಿನ, ಜೊತೆಯವರ ಪದ್ಧತಿ ಪಾಲಿಸಲು ಹೋಗಿ ಸತ್ತಿದ್ದ. ಇದನ್ನು ಆ ಅಕ್ಕನಿಗೆ ಯಾವ ಬಾಯಲ್ಲಿ ಹೇಳುವುದು? ಆದರೆ ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿತ್ತು.

"ನೀವು ಐದು ಜನ. ಅವನು ಆರನೆಯವನು. ಆರು ಜನವೂ ಹಳ್ಳದ ಹತ್ತಿರ ನಿಂತಿದ್ರಿ. ಹಾಗಾದ್ರೆ ಬಾಲ ಯಾರು?"

"ಅದನ್ನೇ ಹೇಳಬೇಕು ಅಂತಿದ್ದೆ, ನೀವು ಫೋನ್ ಹಿಡ್ಕೊಂಡು ಆಚೆ ಹೋದ್ರಿ."

"ಈಗ ಹೇಳಿ."

"ಆ ದಾರಿಗೆ ಗೇಟಿದೆ, ಗೇಟಿಗೆ ಬೀಗ ಇದೆ. ತೆಗೆಯೋರು ಯಾರಾದ್ರೂ ಬೇಕಲ್ಲ ಮೇಡಂ. ಒಂಟಿಸಲಗ ಬರ್ತಾನೆ ಅಂದ ಕೂಡಲೇ ಒಪ್ಕೊಂಡ. ನೀವೆಲ್ಲ ಮುಂದೆ ಹೋಗಿ, ನಾನು ಬೀಗ ಹಾಕಿ ಕೊನೆಗೆ ಬರ್ತೀನಿ, ನಾನೇ ಬಾಲ ಅಂದ. ನಮ್ಮ ಅಂಗಡಿಯ ಹಳೇ ಸೈಕಲ್ಲೊಂದು ಎರಡು ವರ್ಷದಿಂದ ಅವನ ಹತ್ತಿರಾನೇ ಇದೆ, ಕಾಡೆಲ್ಲ ಅದರಲ್ಲೇ ಸುತ್ತೋದು." ಅವನು ತಲೆ ಎತ್ತಿದ. "ಕಾವಲುಗಾರ ಮೇಡಂ. ನಿಮ್ಮ ಠಾಣೇಲಿ ಕೂತಿದಾನಲ್ಲ, ಅವನೇ."

ಇನ್ಸ್‌ಪೆಕ್ಟರ್ ಪುಸ್ತಕ ಮುಚ್ಚಿದಳು.

ಇವನು ಸುಳ್ಳು ಹೇಳುತ್ತಿರಬಹುದೇ? ಸೋಮವಾರ ಹೇಳಿದವನು ಬುಧವಾರವೂ ಹೇಳಬಹುದು. ಆದರೆ ಈ ಸುಳ್ಳನ್ನು ಅವನು ಸೋಮವಾರವೇ ಹೇಳಬಹುದಿತ್ತು, ಆಗ ಹೇಳಲಿಲ್ಲ. ಅದಿರಲಿ. ಬೆಂಚಿನ ಮೇಲೆ ಕೂತಿದ್ದ ಆ ಮುದುಕ? ಗುಡ್ಡದಲ್ಲಿ ಇನ್ನೂ ಐದು ಜನ ಇದ್ದರು ಅಂತ ಒಂದೇ ಒಂದು ಮಾತು ಹೇಳಿದ್ದರೆ ಅವನ ಮೇಲಿನ ಅನುಮಾನ ಅರ್ಧಕ್ಕರ್ಧ ಇಳಿಯುತ್ತಿತ್ತು. ಗೇಟು ತೆಗೆದದ್ದಕ್ಕೆ ಕೆಲಸ ಹೋಗಬಹುದಿತ್ತು, ನಿಜ. ಕೆಲಸ ಉಳಿಸಿಕೊಳ್ಳಲು ಯಾರಾದರೂ ಕೊಲೆಯ ಆರೋಪ ಹೊತ್ತುಕೊಳ್ಳುತ್ತಾರೆಯೇ? ಅವನು ಐದು ಜನರ ಹೆಸರೆತ್ತಲಿಲ್ಲ, ಎತ್ತಿದ್ದರೆ ಆ ಐವರು ಬಾಯಿ ಬಿಡುತ್ತಿದ್ದರು. ಬಾಲ ಯಾರು ಅಂತ ಹೊರಗೆ ಬರುತ್ತಿತ್ತು.

'ನಾನು ಕಟ್ಟಿಲ್ಲ ತಾಯಿ' ಅಂತ ಅವನು ತಣ್ಣಗೆ ಹೇಳಿದ್ದನ್ನು ಅವಳು ಪ್ರಾಮಾಣಿಕತೆ ಅಂತ ತಿಳಿದಿದ್ದಳು.

ಅವಳು ಫೋನ್ ಒತ್ತಿದಳು. ಹಿರಿಯ ಪೇದೆ ಎತ್ತುವಷ್ಟರಲ್ಲಿ ಜೀಪಿನ ಬಾಗಿಲು ತೆಗೆದಿದ್ದಳು.

"ಕಾವಲುಗಾರನನ್ನು ಬಿಡಬೇಡಿ. ಅಲ್ಲೇ ಕೂರಿಸಿ."

"ಬಿಟ್ಟು ಹತ್ತು ನಿಮಿಷ ಆಯ್ತಲ್ಲ ಮೇಡಂ. ನೀವೇ ಹೇಳಿದ್ರಲ್ಲ."

"ಎಲ್ಲಿಗೆ ಹೋದ?"

"ಆ ಹೊಲಿಗೆ ಅಕ್ಕ ವಿಷಯ ತಿಳಿದ ಕೂಡಲೇ ಅವನ ಎರಡೂ ಕೈ ಹಿಡ್ಕೊಂಡು ಅತ್ತುಬಿಟ್ರು ಮೇಡಂ. ನೋಡೋಕಾಗಲಿಲ್ಲ. ತಪ್ಪಾಯ್ತು ಅಣ್ಣಾ, ನಾನೇ ಮನೆಗೆ ಬಿಡ್ತೀನಿ ಬಾ ಅಂತ ತಮ್ಮ ಕಾರಲ್ಲೇ ಕೂರಿಸ್ಕೊಂಡ್ರು."

"ಅವರ ಫೋನ್ ನಂಬರು ಕೊಡಿ. ಬೇಗ."

"ಅಲ್ಲಿ ಸಿಗ್ನಲ್ ಸಿಗಲ್ಲ ಮೇಡಂ. ಅವರು ಗುಡ್ಡಕ್ಕೆ ಹೋದ್ರು. ತಮ್ಮ ಬಿದ್ದ ಜಾಗ ಒಂದ್ಸಲ ನೋಡ್ಬೇಕು ಅಂದ್ರು ಆಯಮ್ಮ. ಬನ್ನಿ ತಾಯಿ, ನಾನು ತೋರಿಸ್ತೀನಿ ಅಂದ ಅವನು. ಗೇಟಿನ ಕೀಲಿ ನಮ್ಮ ಹತ್ತಿರ ಇತ್ತಲ್ಲ, ಕೇಳಿ ಇಸ್ಕೊಂಡ. ಒಳಗೆ ಹೋದ ಮೇಲೆ ಬೀಗ ಹಾಕ್ಕೋತೀನಿ ಸ್ವಾಮಿ, ಹಿಂದೆ ಯಾರೂ ಬರೋದು ಬೇಡ ಅಂದ."